ಇಲ್ಲದ ಹುಣಸೇಮರದ ಬಸ್ ಸ್ಟಾಪು

ನಮ್ಮೂರಿನ ಬಸ್ ಸ್ಟಾಪಿನಲ್ಲಿ ಜನ ನಿಲ್ಲುವ ರೀತಿಯನ್ನು ನೀವು ಒಮ್ಮೆ ಬಂದು ನೋಡಬೇಕು. ನಂಜನಗೂಡಿನಿಂದ ತಿ. ನರಸೀಪುರಕ್ಕೆ ಹೋಗುವ ರಸ್ತೆಯಂಚಿನಲ್ಲಿ, ಮೇಲೆ ಸೂರಿಲ್ಲದೆ, ಕೂರಲು ಕಲ್ಲಿಲ್ಲದೆ, ಎಂಟು ಹತ್ತು ಮಂದಿ ಅರ್ಧಚಂದ್ರಾಕಾರವಾಗಿ ನಿಂತು, ನಡುವೆ ಇಬ್ಬರು ಕೈಚಾಚಿ ತಬ್ಬುವಷ್ಟು ಜಾಗವನ್ನು ಭಯಭಕ್ತಿಯಿಂದ ಖಾಲಿ ಬಿಟ್ಟಿರುತ್ತಾರೆ. ಹಿಂದೆ ಅಲ್ಲೊಂದು ಹುಣಸೇಮರವಿತ್ತು. ರಸ್ತೆ ಅಗಲವಾದಾಗ ಹೋಯಿತು. ಸ್ಟಾಪಿನ ಹೆಸರು ಮಾತ್ರ ಇಂದಿಗೂ ಹುಣಸೇಮರವೇ, ಜನ ನಿಲ್ಲುವುದೂ ಆ ಮರದ ನೆರಳಿನಲ್ಲಿಯೇ. ಆಯುಷ್ಯವಿಡೀ ಸಂಸ್ಕೃತ ಪಾಠ ಹೇಳಿ ನಿವೃತ್ತನಾದ ನಾನೂ, ಕೊಡೆ ಮರೆತ ದಿನ ಅಲ್ಲಿಗೇ ಹೋಗಿ ನಿಂತು, ಬೆವರೊರೆಸಿಕೊಂಡು, ಸ್ವಲ್ಪ ತಂಪಾಯಿತೆಂದು ಪ್ರಾಮಾಣಿಕವಾಗಿ ನಂಬುವವನು.

ಈ ಮರ ಸರ್ಕಾರದ ಗಮನಕ್ಕೆ ಬರುವ ಕಾಲವೊಂದು ಬಂತು. ಬಸ್ಸುಗಳಿಗೆಲ್ಲ ಮಾತನಾಡುವ ಯಂತ್ರ ಕೂರಿಸುತ್ತಾರೆಂದೂ, ನಕ್ಷೆಯಲ್ಲಿರುವ ಸ್ಟಾಪುಗಳ ಹೆಸರನ್ನು ಅದು ಹೇಳುತ್ತದೆಂದೂ ಸುದ್ದಿಯಾಯಿತು. ನಕ್ಷೆಯ ಕರಡಿನಲ್ಲಿ ನಮ್ಮ ಸ್ಟಾಪು ಇರಲಿಲ್ಲ. "ಲಿಸ್ಟಲ್ಲಿ ಇಲ್ದೇ ಇರೋ ಕಡೆ ನಿಲ್ಸುದ್ರೆ ಮಿಷನ್ನು ಮೇಲಕ್ಕೆ ಹೇಳ್ಬುಡ್ತದೆ ಮೇಷ್ಟ್ರೇ, ಇನ್ಮೇಲೆ ಎಲ್ರೂ ಐಸ್ಕೂಲ್ ಗೇಟಲ್ಲೇ ಇಳೀಬೇಕು" ಎಂದು ಕಂಡಕ್ಟರು ತಪ್ಪು ಮಾಡಿದವನಂತೆ ಹೇಳಿದ. ಹೈಸ್ಕೂಲ್ ಗೇಟು ಒಂದು ಮೈಲಿಗೂ ಆಚೆ. ನನಗಾದರೆ ಅಷ್ಟು ನಡೆದರೆ ಹೊಟ್ಟೆಯಾದರೂ ಕರಗೀತು. ಎದುರು ಮನೆಯ ಪುಟ್ಟಮ್ಮನ ಮಾತು ಬೇರೆ. ವಾರಕ್ಕೆರಡು ದಿನ ಆಕೆ ಡಯಾಲಿಸಿಸ್ಸಿಗೆಂದು ನರಸೀಪುರದ ಆಸ್ಪತ್ರೆಗೆ ಹೋಗಿಬರುತ್ತಾಳೆ. ಹಿಂತಿರುಗಿ ಬಂದು ಇಳಿದ ಮೇಲೆ ರಸ್ತೆ ದಾಟಿ ಮನೆಯ ಜಗಲಿ ಮುಟ್ಟುವುದರೊಳಗೆ ಎರಡು ಸಲ ನಿಲ್ಲುತ್ತಾಳೆ. ಅವಳಿಗೆ ಆ ಒಂದು ಮೈಲಿಯೆಂದರೆ ಆಸ್ಪತ್ರೆಯನ್ನೇ ಬಿಟ್ಟಂತೆ.

ಸಮಾಧಾನದ ಸಂಗತಿಯೆಂದರೆ, ಕರಡು ನಕ್ಷೆಯನ್ನು ಯಾರು ಬೇಕಾದರೂ ತಿದ್ದಬಹುದೆಂದು ಸಾರಿಗೆ ಇಲಾಖೆಯವರೇ ಮೊಬೈಲಿನಲ್ಲಿ ತೆರೆದಿಟ್ಟಿದ್ದರು. ತಿದ್ದುವುದೆಂದರೆ ನನಗೆ ಹುಟ್ಟುಗುಣ. ಮದುವೆಯ ಕರೆಯೋಲೆ ಬಂದರೆ ಮುಹೂರ್ತಕ್ಕಿಂತ ಮೊದಲು ಕಾಗುಣಿತ ನೋಡುವ ಆಸಾಮಿ ನಾನು. ಕನ್ನಡಕವೇರಿಸಿ, ನಕ್ಷೆಯನ್ನು ಹಿಗ್ಗಿಸಿ ಕುಗ್ಗಿಸಿ, ಹೆಬ್ಬೆರಳಿನಿಂದ ಘನಗಂಭೀರವಾಗಿ ಒತ್ತಿ ಗುರುತು ಹಾಕಿದೆ. ಮರುದಿನ ನೋಡಿದರೆ, ಬನ್ನೂರಿನವನು ಎಂದಷ್ಟೇ ಹೆಸರಿಟ್ಟುಕೊಂಡ ಯಾವನೋ ಪುಣ್ಯಾತ್ಮ ಕೆಳಗೆ ಬರೆದಿದ್ದ: "ಸಾ, ನೀವು ಗುರ್ತು ಹಾಕಿರೋದು ಕಪಿಲಾ ಹೊಳೆ ಮಧ್ಯಕ್ಕೆ. ಅಲ್ಲಿಗೆ ಬಸ್ ಬರಕಿಲ್ಲ, ತೆಪ್ಪನೇ ತರ್ಬೇಕಾಯ್ತದೆ. ನಾನೂ ಅದೇ ರೂಟಲ್ಲಿ ಓಡಾಡೋನು, ಸರಿ ಮಾಡಿವ್ನಿ." ಗುರುತು ನೀರಿನಿಂದೆದ್ದು ಸರಿಯಾಗಿ ರಸ್ತೆಯಂಚಿಗೆ ಬಂದು ಕೂತಿತ್ತು. ಜನ್ಮದಲ್ಲಿ ಮೊದಲ ಬಾರಿಗೆ, ಒಬ್ಬರು ನನ್ನನ್ನು ತಿದ್ದಿದ್ದಕ್ಕೆ ನನಗೆ ಸಂತೋಷವಾಯಿತು.

ಆದರೆ ಕಚೇರಿಯಿಂದ ಉತ್ತರ ಬಂತು: ಹುಣಸೇಮರವೆಂಬ ಹೆಸರಿಗೆ ಆಧಾರವಾಗಿ ಮರದ ಛಾಯಾಚಿತ್ರ ಲಗತ್ತಿಸಿ. ಕೇಳಿದ್ದು ನ್ಯಾಯವೇ. ನನ್ನೊಳಗಿನ ಪಂಡಿತ ಮಾತ್ರ ಕೆರಳಿದ. ಇಲ್ಲದಿರುವಿಕೆಯೂ ಒಂದು ಪದಾರ್ಥವೆಂದು, ನೆಲದ ಮೇಲೆ ಮಡಕೆ ಇಲ್ಲವೆಂಬುದನ್ನೂ ಕಣ್ಣಾರೆ ಕಾಣಬಹುದೆಂದು ತಾರ್ಕಿಕರು ಸಾಧಿಸಿರುವುದನ್ನು ಸವಿಸ್ತಾರವಾಗಿ ಬರೆಯತೊಡಗಿದೆ. ಮೂರನೆಯ ವಾಕ್ಯದ ನಡುವೆಯೇ ಅಕ್ಷರಮಿತಿ ಮುಗಿದು ಪೆಟ್ಟಿಗೆ ಮುಚ್ಚಿಕೊಂಡಿತು. ಸಭೆಗಳಲ್ಲಿ ನನ್ನನ್ನು ನಿಲ್ಲಿಸಲಾಗದ ಅಧ್ಯಕ್ಷರುಗಳು ನೆನಪಾದರು.

ಬೆಳಗಿನ ಬಸ್ಸಿಗೆ ಕಾಯುತ್ತ ಈ ಗೋಳನ್ನು ಪುಟ್ಟಮ್ಮನಿಗೆ ಹೇಳಿಕೊಂಡೆ. ಆಕೆ ಸೆರಗನ್ನು ತಲೆಗೆಳೆದುಕೊಂಡು, "ಮರ ಅತ್ಲಾಗಿರ್ಲಿ ಬುಡಿ ಮೇಷ್ಟ್ರೇ. ಬಸ್ಸು ಅತ್ತೋದು ಮರ ಅಲ್ವಲ್ಲ, ನಾವು. ನಮ್ದೇ ಒಂದು ಪೋಟ ಒಡೀರಿ" ಎಂದಳು. ರಸ್ತೆಯಾಚೆ ಹೋಗಿ ನಿಂತು ನೋಡಿದೆ. ತಲೆ ಮೇಲೆ ಟವೆಲು ಹಾಕಿಕೊಂಡವರು, ಹೂವಿನ ಬುಟ್ಟಿಯವಳು, ಹೆಮ್ಮರಗಾಲದ ಕಡೆಯ ಅಂಗನವಾಡಿ ಟೀಚರು, ಪುಟ್ಟಮ್ಮ, ಎಲ್ಲರೂ ಎಂದಿನಂತೆ ಅರ್ಧಚಂದ್ರವಾಗಿ ನಿಂತಿದ್ದರು. ನಡುವಿನ ಖಾಲಿ ಜಾಗದಲ್ಲಿ ಹುಣಸೇಮರ ಎಷ್ಟು ದಪ್ಪವಿತ್ತೆಂಬುದು ಸ್ಪಷ್ಟವಾಗಿ ಕಾಣುತ್ತಿತ್ತು. ಆ ಚಿತ್ರವನ್ನೇ ಕಳಿಸಿದೆ. ಕೆಳಗೆ ಒಂದೇ ಸಾಲು ಬರೆದೆ: ಇವರು ನಿಲ್ಲುವ ಜಾಗ ಇದು.

ಆಮೇಲಿನದು ನಾನು ಮಾಡಿದ್ದಲ್ಲ. ಚಿತ್ರದಲ್ಲಿದ್ದವರು ತಂತಮ್ಮ ಮೊಬೈಲಿನ ನಕ್ಷೆಯಲ್ಲಿ ಆ ಗುರುತಿಗೆ ಹೌದೆಂದು ಒತ್ತಿದರು, ಟೀ ಅಂಗಡಿಯವನು ಒತ್ತಿದ, ಕಂಡಕ್ಟರು ರಜೆಯ ದಿನ ಮನೆಯಲ್ಲಿ ಕೂತು ಒತ್ತಿದನಂತೆ, ಬನ್ನೂರಿನವನು ತನ್ನ ಗೆಳೆಯರಿಂದೆಲ್ಲ ಒತ್ತಿಸಿದ. ಸರ್ಕಾರವೆಂದರೆ ಅರ್ಜಿ ಹಿಡಿದು ನಿಂತವರ ಮೂಗಿನ ನೇರಕ್ಕಿರುವ ಒಂದು ಕಿಂಡಿ ಎಂದೇ ತಿಳಿದಿದ್ದವನು ನಾನು. ಆ ಕಿಂಡಿಯ ಒಳಗಡೆಗೂ ನಾವೇ ಒಂದಷ್ಟು ಜನ ನಿಂತಿರಬಹುದೆಂದು ಈ ವಯಸ್ಸಿನಲ್ಲಿ ಹೊಳೆಯಿತು. ಆ ಕಚೇರಿಯ ಮುಖ ಕಾಣದ ಗುಮಾಸ್ತರ ಮೇಲೂ ನನಗೀಗ ಪ್ರೀತಿಯೇ, ಮರವಿಲ್ಲದ ಚಿತ್ರವನ್ನು ನೋಡಿ ಅವರು ಬರೆದದ್ದು ಇಷ್ಟೇ: "ಸರಿ, ಒಪ್ಪಿದೆ."

ಯಂತ್ರ ಬಂತು. ಪುಟ್ಟಮ್ಮ ಆಸ್ಪತ್ರೆಯಿಂದ ಮರಳುವ ಮಧ್ಯಾಹ್ನ ನಾನೂ ಅದೇ ಬಸ್ಸಿನಲ್ಲಿದ್ದೆ. "ಮುಂದಿನ ನಿಲ್ದಾಣ, ಹುಣಸೇಮರ" ಎಂದು ಹೆಣ್ಣುದನಿಯೊಂದು ತೀರಾ ಶುದ್ಧವಾಗಿ ಹೇಳಿದಾಗ, ಕಿಟಕಿಗೊರಗಿದ್ದ ಆಕೆ ಕಣ್ಣು ಬಿಟ್ಟು, "ಹೂಂ ಕಣವ್ವ, ಇಳೀತೀನಿ" ಎಂದು ಆ ಯಂತ್ರಕ್ಕೇ ಉತ್ತರ ಕೊಟ್ಟು ಎದ್ದಳು. ನಾನೂ ಅವಳ ಹಿಂದೆಯೇ ಇಳಿದೆ.

ಕಳೆದ ವಾರ ಹೆಸರಿನ ಫಲಕ ಹೊತ್ತ ಕಬ್ಬಿಣದ ಕಂಬ ನೆಡಲು ಆಳುಗಳು ಬಂದು ಎಲ್ಲಿ ಗುಂಡಿ ತೋಡಲೆಂದು ಕೇಳಿದರು. ಎಲ್ಲರೂ ಒಟ್ಟಿಗೆ ಆ ಖಾಲಿ ಜಾಗಕ್ಕೇ ಬೆರಳು ತೋರಿಸಿದೆವು. ಈಗ ಅರ್ಧಚಂದ್ರದ ನಡುವೆ ಕಂಬವಿದೆ. ಅದರ ನೆರಳು ಅಂಗೈಯಗಲ, ನೆತ್ತಿಯ ಬಿಸಿಲಿಗೆ ಅದೂ ಇಲ್ಲ. ಇರುವಷ್ಟನ್ನು ಪುಟ್ಟಮ್ಮನಿಗೆ ಬಿಟ್ಟುಕೊಟ್ಟು, ಉಳಿದ ನಾವೆಲ್ಲ ಹುಣಸೇಮರದ ನೆರಳಿನಲ್ಲಿ ನಿಲ್ಲುತ್ತೇವೆ.