ಅಂಗಳದಲ್ಲಿ ಒಲೆ ಹೂಡಿದವರು

ನಮ್ಮ ಅತ್ತೆಯ ಮುಂಗೈ ಮೇಲೆ ಒಂದು ಕೂದಲೂ ಇರಲಿಲ್ಲ. ಹದಿಮೂರಕ್ಕೆ ಮದುವೆಯಾಗಿ ಬಂದಂದಿನಿಂದ ಹದಿನೆಂಟು ಮಂದಿಯ ಮನೆಗೆ ರೊಟ್ಟಿ ಬಡಿದು, ಒಲೆಯ ಉರಿಗೆ ಎಲ್ಲ ಸುಟ್ಟುಹೋಗಿ, ಚರ್ಮ ಹುರಿದ ಶೇಂಗಾದ ಸಿಪ್ಪೆಯ ಬಣ್ಣಕ್ಕೆ ತಿರುಗಿತ್ತು. ಸಿಟ್ಟು ಬಂದಾಗ ಅವರು ಒದರುತ್ತಿರಲಿಲ್ಲ. ರೊಟ್ಟಿ ಮಾತ್ರ ಇನ್ನಷ್ಟು ತೆಳ್ಳಗಾಗುತ್ತಿತ್ತು. "ಸಿಟ್ಟು ಬಾಯಾಗ ಇಟ್ಕೋಬಾರ್ದು ತಂಗಿ, ಉಗುಳಿನ ಕೂಡ ಹೋಗಿಬಿಡತೈತಿ. ಹೊಟ್ಟ್ಯಾಗ ಇಟ್ಕೋಬೇಕು" ಎನ್ನುತ್ತಿದ್ದರು. ಕುಷ್ಟಗಿಯ ಒಬ್ಬ ಅಂಗಡಿಯವನು ಒಮ್ಮೆ ಮಣ್ಣು ಬೆರೆತ ಬೆಲ್ಲ ಕೊಟ್ಟನೆಂದು, ಹನ್ನೊಂದು ವರ್ಷ ಅವನಿಗೆ ಕಾಣುವ ಹಾಗೆ ನಿಂತು ಎದುರಿನ ಅಂಗಡಿಯಲ್ಲಿ ಬೆಲ್ಲ ಕೊಂಡವರು.

ಎಂಬತ್ತರ ದಶಕದ ನಡುವಿನ ಮಾತು. ಹನುಮಸಾಗರದ ಹತ್ತಿರದ ನಮ್ಮೂರಿನಲ್ಲಿ ನಾನು ಆರು ತಿಂಗಳ ಬಸುರಿ. ಹೊಟ್ಟೆ ತಿಂಗಳಿಗೆ ಮೀರಿ ದೊಡ್ಡದಾಗಿದೆ ಎಂದು ಕೊಪ್ಪಳದ ಡಾಕ್ಟರು ಹುಬ್ಬಳ್ಳಿಗೆ ಕಳಿಸಿದರು. ಅಲ್ಲಿ ಆಗಷ್ಟೇ ಬಂದಿದ್ದ ಯಂತ್ರದಲ್ಲಿ ನೋಡಿ, ಕೂಸಿನ ಬೆನ್ನೆಲುಬು ಒಂದು ಕಡೆ ಕೂಡಿಲ್ಲ, ಅಲ್ಲೊಂದು ನೀರಿನ ಗಂಟಿದೆ, ಹುಟ್ಟಿದ ಎರಡು ದಿನದೊಳಗೆ ಆಪರೇಶನ್ ಆಗಬೇಕು, ಆದರೂ ಕಾಲಿಗೆ ಬಲ ಬರುತ್ತದೋ ಇಲ್ಲವೋ ಎಂದರು. ಅವರು ಹೇಳಿದ ಖರ್ಚು ಕೇಳಿದ ನನ್ನ ಗಂಡ ಬಸ್ಸು ಊರು ಮುಟ್ಟುವವರೆಗೆ ಬೆರಳು ಎಣಿಸಿ ಲೆಕ್ಕ ಹಾಕುತ್ತಲೇ ಇದ್ದರು.

ನನ್ನ ಮಾವ ತೀರಿಹೋಗಿ ಎಷ್ಟೋ ವರ್ಷವಾಗಿತ್ತು. ಮನೆಯ ಯಜಮಾನಿಕೆ ಅವರ ಅಣ್ಣನದು. ನಾವು ದೊಡ್ಡ ಮಾವ ಎನ್ನುತ್ತಿದ್ದೆವು. ಅವರು ಕಟ್ಟೆಯ ಮೇಲೆ ಕೂತು ಎಲ್ಲ ಕೇಳಿಸಿಕೊಂಡು, ಎಲೆಗೆ ಸುಣ್ಣ ಹಚ್ಚುತ್ತ, "ಕಾಲಿಲ್ಲದ ಕೂಸಿಗೆ ಮನಿ ಹಾಳ ಮಾಡ್ಕೋತಾರೇನೋ? ಹುಟ್ಟಿದ ಮ್ಯಾಲ ಮಾರಿ ಮ್ಯಾಲ ಅರಿವಿ ಹಾಕಿ ಮಲಗಸ್ರಿ. ಮುಂಜಾನಿಗೆ ಎಲ್ಲಾ ಮುಗದಿರತೈತಿ" ಎಂದರು.

ನಾನು ಬಾಗಿಲ ಹಿಂದೆಯೇ ನಿಂತಿದ್ದೆ. ಹೊಟ್ಟೆಯೊಳಗೆ ಕೂಸು ಹೊರಳಿತು. ಅಂದು ಅತ್ತೆ ಬಡಿದ ರೊಟ್ಟಿ ಎತ್ತಿ ಹಿಡಿದರೆ ಆಚೆಯ ದೀಪ ಕಾಣುವಂತಿತ್ತು.

ಮರುದಿನ ಬೆಳಗ್ಗೆ ಅಂಗಳದಲ್ಲಿ ಮೂರು ಕಲ್ಲಿಟ್ಟು ಬೇರೆ ಒಲೆ ಹೊತ್ತಿಸಿದರು. ನಮ್ಮ ಕಡೆ ಎರಡನೇ ಒಲೆ ಹೊತ್ತಿತೆಂದರೆ ಮನೆ ಒಡೆಯಿತೆಂದೇ ಲೆಕ್ಕ; ಊರ ಹಿರಿಯರು ಬಂದು ಪಾಲು ಮಾಡಲೇಬೇಕು. ಗಂಡನಿಲ್ಲದ ಹೆಂಗಸೊಬ್ಬಳು ಹಾಗೆ ಒಲೆ ಹೂಡಿದ್ದನ್ನು ಊರು ಕಂಡಿರಲಿಲ್ಲ. ಮೂವತ್ತು ವರ್ಷ ಭಾವನೆದುರು ಬಾಯಿ ತೆರೆಯದಿದ್ದ ಅತ್ತೆ ಸೆರಗು ಸರಿಮಾಡಿಕೊಂಡು ಹಿರಿಯರಿಗೆ ಹೇಳಿದರು: "ಹೊಲದ ಪಾಲು ಕಾಗದಕ್ಕ ಬರಾಕ ವರ್ಷ ಬೇಕ್ರಿ. ನಮ್ಮ ಕೂಸಿಗೆ ಉಳದದ್ದು ಮೂರು ತಿಂಗಳ. ಎತ್ತಿನ ಜೋಡ್ಯಾಗ ಒಂದು ಇವತ್ತ ಕೊಡಸ್ರಿ."

ಆ ಜೋಡಿ ದೊಡ್ಡ ಮಾವನ ಜೀವ. ಒಂದಕ್ಕೊಂದು ಸರಿಹೊಂದುವ ಎತ್ತು ಹುಡುಕಿ ಸಂತೆಯಿಂದ ಸಂತೆಗೆ ತಿರುಗಿದ್ದರು. ಅವರ ಮುಖ ಕಪ್ಪಿಟ್ಟಿತು.

"ಸಂತಿ ರೇಟಿಗಿಂತ ಹೆಚ್ಚಿಗಿ ನಾನ ಕೊಡ್ತೀನಿ. ಜೋಡಿ ಒಡೀಬ್ಯಾಡ."

"ನಿನ್ನಿ ಆಡಿದ್ದು ತಪ್ಪಾತು ಅನ್ರಿ ಭಾವಾರ. ನೀವು ಕೊಟ್ಟಷ್ಟಕ್ಕ ಬಿಡ್ತೀನಿ."

ಅವರು ಅನ್ನಲಿಲ್ಲ. ಅತ್ತೆ ಬಲಗಡೆಯ ಎತ್ತು ಬಿಚ್ಚಿ, ಮಗನನ್ನು ಜೊತೆಗೆ ಕರೆದುಕೊಂಡು, ಕುಷ್ಟಗಿ ಸಂತೆಗೆ ಹೊಡೆದುಕೊಂಡು ಹೋಗಿ, ಸಿಕ್ಕ ಬೆಲೆಗೆ ಮಾರಿದರು. ಕಡಿಮೆ ಬಿದ್ದದ್ದಕ್ಕೆ ತಮ್ಮ ಕಿವಿಯ ಬುಗುಡಿ ಕಳಚಿದರು. ಹಣ ಅಷ್ಟು ಬೇಕಾಗಿದ್ದಾಗ ದೊಡ್ಡ ಮಾವನ ಹೆಚ್ಚಿನ ಬೆಲೆ ಬಿಟ್ಟದ್ದು ಸರಿಯಲ್ಲ ಎಂದು ನನ್ನ ಗಂಡ ಈಗಲೂ ಅನ್ನುತ್ತಾರೆ. ಇರಬಹುದು. ಜೋಡಿ ಕಳೆದುಕೊಂಡ ಎತ್ತು ವಾರವೆಲ್ಲ ಕೊಟ್ಟಿಗೆಯಲ್ಲಿ ಒದರುತ್ತಿತ್ತು. ಅದನ್ನು ಕೇಳುತ್ತ ನನಗೆ ಒಳ್ಳೆಯ ನಿದ್ದೆ ಬಂತು.

ಹೆಣ್ಣುಕೂಸು ಹುಬ್ಬಳ್ಳಿಯಲ್ಲೇ ಹುಟ್ಟಿತು. ಎರಡನೇ ದಿನ ಆಪರೇಶನ್ನಿಗೆ ಒಯ್ಯುವಾಗ ಅತ್ತೆ ಡಾಕ್ಟರರನ್ನು ಅಡ್ಡಗಟ್ಟಿದರು.

"ಹೊಲಿಗಿ ಗಟ್ಟಿ ಹಾಕ್ರಿ ಸಾಹೇಬ್ರ. ಈಕಿ ಭಾಳ ಮಂದೀನ ತುಳೀಬೇಕು."

ಡಾಕ್ಟರು ನಕ್ಕರು. ಅತ್ತೆ ನಗಲಿಲ್ಲ.

ಮಗಳು ಮೂರು ವರ್ಷಕ್ಕೆ ಕಬ್ಬಿಣದ ಪಟ್ಟಿಯ ಬೂಟು ಹಾಕಿಕೊಂಡು ನಡೆದಳು. ದಿನಾ ಸಂಜೆ ಅತ್ತೆ ಅವಳ ಕೈ ಹಿಡಿದು, ದೊಡ್ಡ ಮಾವ ಕೂಡುವ ಕಟ್ಟೆಯ ಮುಂದಿನ ಹಾಸುಗಲ್ಲಿನ ಮೇಲೇ ಅತ್ತಿಂದಿತ್ತ ನಡೆಸುತ್ತಿದ್ದರು. ಟಕ್, ಟಕ್. "ಜೋರ ತುಳಿ ನಮ್ಮವ್ವಾ, ಅಜ್ಜಗ ಕಿವಿ ಮಂದ ಅದಾವ." ದೊಡ್ಡ ಮಾವ ಎದ್ದು ಒಳಗೆ ಹೋದ ಮೇಲೇ ಅಂದಿನ ನಡಿಗೆ ಮುಗಿಯುವುದು. ಡಾಕ್ಟರು ಹೇಳಿದ ವ್ಯಾಯಾಮ ಒಂದು ದಿನವೂ ತಪ್ಪಲಿಲ್ಲ.

ಅವಳಿಗೆ ಐದು ತುಂಬುವ ಮೊದಲೇ ಅತ್ತೆ ಜ್ವರ ಬಂದು ಎಂಟು ದಿನದಲ್ಲಿ ಹೋದರು. ಹೋಗುವ ಮುಂಚೆ ನನ್ನನ್ನು ಹತ್ತಿರ ಕರೆದು, "ಭಾವಾರ ಕೈಯಾನ ಮಣ್ಣು ನನಗ ಬ್ಯಾಡ. ಗಂಡಸ್ರು ಹಿಂದ ಸರೀತಾರ. ನೀ ನೋಡ್ಕೋ" ಎಂದರು.

ನಮ್ಮಲ್ಲಿ ಹೂಳುವಾಗ ಬಂದವರೆಲ್ಲ ಒಂದೊಂದು ಹಿಡಿ ಮಣ್ಣು ಹಾಕುತ್ತಾರೆ. ದೊಡ್ಡ ಮಾವ ಮುಂದೆ ಬಂದು ಬಾಗಿ ಮಣ್ಣು ತೆಗೆದುಕೊಂಡರು. ಕಣ್ಣಲ್ಲಿ ನೀರಿತ್ತು, ಇರಲಿಲ್ಲವೆಂದು ಸುಳ್ಳು ಹೇಳಲಾರೆ. ಊರವರೆದುರು, ಸೊಸೆಯಾದ ನಾನು ಅವರ ಮಣಿಕಟ್ಟು ಹಿಡಿದೆ.

"ಬ್ಯಾಡ್ರಿ ಮಾವಾರ."

ಯಾರೂ ಬಿಡಿಸಲು ಬರಲಿಲ್ಲ. ಅವರ ಬೆರಳು ಒಂದೊಂದಾಗಿ ಸಡಿಲಾಗಿ, ಮಣ್ಣು ಅವರ ಕಾಲ ಮೇಲೆಯೇ ಉದುರಿತು. ಆಮೇಲೆ ಮಗಳನ್ನು ಮುಂದೆ ಕರೆದು, ಅವರ ಪಾಲಿನ ಮಣ್ಣನ್ನೂ ಅವಳ ಕೈಯಿಂದಲೇ ಹಾಕಿಸಿದೆ.