ಮುಳುಗಡೆಯ ಧಾರಾವಾಹಿಗೆ ನನ್ನ ಮತ

ಗೆಳೆಯರೇ, ಮುಳುಗಿದ ಊರಿನ ಕಥೆ ಹೇಳುವ ಆ ಧಾರಾವಾಹಿಗೆ ಈ ಸಲ ಪ್ರಶಸ್ತಿ ಖಚಿತವಂತೆ. ಇವತ್ತು ಇದನ್ನು ನನಗೆ ಹೇಳಿದವರು ಪುನರ್ವಸತಿ ಕಚೇರಿಯ ಗುಮಾಸ್ತರು, ಅದೂ ಕಣ್ಣೊರೆಸಿಕೊಳ್ಳುತ್ತ.

ಕೊಲ್ಹಾರದ ನಮ್ಮ ಪಕ್ಕದ ಮನೆಯ ಮಾಲನಬಿ ಚಾಚಿಯ ಜೊತೆ ಅಲ್ಲಿಗೆ ಹೋಗಿದ್ದೆ. ಅವರ ಹಳೆಯ ಮನೆ ಕೃಷ್ಣೆಯ ಹಿನ್ನೀರಿನಲ್ಲಿದೆ. ಹೊಸ ಜಾಗದ ಹಕ್ಕುಪತ್ರ ಇನ್ನೂ ಕೈಗೆ ಬಂದಿಲ್ಲ. ಅದಿಲ್ಲದೆ ಮನೆಯನ್ನು ಮಗಳ ಹೆಸರಿಗೆ ಮಾಡುವಂತಿಲ್ಲ.

ಗುಮಾಸ್ತರು ಆ ಧಾರಾವಾಹಿ ಓಡುತ್ತಿದ್ದ ಮೊಬೈಲನ್ನು ನಮ್ಮತ್ತ ತಿರುಗಿಸಿದರು. "ನೋಡವ್ವಾ, ಪಾಪ, ಈ ಮುದುಕಿ ಮನಿ ಕಾಗದಕ್ಕ ಎಷ್ಟ್ ಅಡ್ಡಾಡತಾಳ! ಕಚೇರಿಯವ ದಿನಾ 'ನಾಳಿ ಬಾ' ಅಂತಾನ. ಕಲ್ಲಿನಂಥವ! ಆದ್ರ ಏನ್ ನಟನೆ! ಪ್ರಶಸ್ತಿ ಅವಗ ಬರಬೇಕು. ಮೂರು ಫೋನಿನಿಂದ ವೋಟ್ ಹಾಕೇನಿ."

"ನಂದೇನಾತ್ರಿ ಸಾಹೇಬ್ರ?" ಚಾಚಿ ಕೇಳಿದರು.

"ಫೈಲ್ ಹುಡುಕಬೇಕವ್ವಾ. ನಾಳಿ ಬಾ."

ನಾಗರಿಕರ ಹಕ್ಕುಗಳ ಕರಪತ್ರವನ್ನು ನಾನು ಜೇಬಿನಿಂದ ತೆಗೆಯುವಷ್ಟರಲ್ಲಿ ಚಾಚಿ ಎದ್ದರು.

"ಆ ನಟಗ ಯಾಕ ವೋಟ್ ಹಾಕಿದ್ರಿ ಸಾಹೇಬ್ರ? 'ನಾಳಿ ಬಾ' ಅನ್ನೂದು ನಿಮ್ಮಷ್ಟ್ ಚಂದ ಅವಗ ಬರೂದಿಲ್ರಿ."

ಗುಮಾಸ್ತರು ನಾಚಿಕೊಂಡು ನಕ್ಕರು.

ನನ್ನ ಮತವೂ ಅವರಿಗೇ. ಎಷ್ಟು ಹುಡುಕಿದರೂ ಅವರಲ್ಲಿ ನಟನೆ ಕಾಣಲಿಲ್ಲ.