ಬಸ್ರಾಕ್ಕೆ ಹೊರಟವರ ಕೋಟು

ಎರಡನೇ ಮಹಾಯುದ್ಧದ ಕಾಲ. ಎಂಜಿನಿಯರಿಂಗ್ ಓದು ಮುಗಿಸಿದ ವರ್ಷವೇ ನನಗೆ ಇರಾಕಿನ ಬಸ್ರಾ ಬಂದರಿನಲ್ಲಿ ಕೆಲಸ ಸಿಕ್ಕಿತು. ಪಾಸ್‌ಪೋರ್ಟಿಗೆ ಫೋಟೋ ಬೇಕಿತ್ತು. ಮಾನ್ವಿಯಿಂದ ರಾಯಚೂರಿಗೆ ಬಂದು ಸ್ಟೇಷನ್ ಹತ್ತಿರದ ಒಂದು ಸ್ಟುಡಿಯೋ ಹೊಕ್ಕೆ.

ಫೋಟೋ ತೆಗೆಯುವ ಮುದುಕ ಗೂಟಕ್ಕೆ ಹಾಕಿದ್ದ ಕರಿ ಕೋಟು ತೊಡಿಸಿದ. ನನಗೇ ಅಳತೆ ಕೊಟ್ಟು ಹೊಲಿಸಿದಂತಿತ್ತು. ಗೋಡೆ ತುಂಬ ನನ್ನ ವಯಸ್ಸಿನವರ ಫೋಟೋಗಳು. ಎಲ್ಲರ ಮೈಮೇಲೂ ಅದೇ ಕೋಟು, ಎಲ್ಲರಿಗೂ ಸರಿಯಾಗಿ ಕೂತಿತ್ತು.

"ಇವರೆಲ್ಲ ಯಾರು ಯಜ್ಜಾ?"

"ಹಡಗ ಹತ್ತಿ ಹೋದವರಪ್ಪಾ. ಫೋಟೋದ ಗಾಜಿನ ಪ್ಲೇಟು ಜ್ವಾಪಾನ ಇಟ್ಟಿರ್ತೀನಿ. ಆಮ್ಯಾಲ ಮನಿಯವರು ಬಂದು ದೊಡ್ಡದು ಮಾಡಿಸ್ಕೊಂಡು ಹೋಗ್ತಾರ."

ನಮ್ಮ ಕಡೆ ಆಗ ದೊಡ್ಡ ಫೋಟೋ ಮಾಡಿಸಿ ಗೋಡೆಗೆ ಹಾಕುತ್ತಿದ್ದುದು ಸತ್ತವರದ್ದು ಮಾತ್ರ. ನನ್ನ ಕೈ ಕೋಟಿನ ಗುಂಡಿಗೆ ಹೋಯಿತು.

"ಅಳ್ಳಾಡಬ್ಯಾಡ," ಎಂದ.

ಮೂರು ವರ್ಷ ದುಡಿದು ಊರಿಗೆ ಮರಳುವಾಗ, ಆ ಪ್ಲೇಟು ವಾಪಸ್ ಕೇಳೋಣವೆಂದು ರಾಯಚೂರಿನಲ್ಲಿ ಇಳಿದವನೇ ಅಲ್ಲಿಗೆ ಹೋದೆ. ಮುದುಕ ನನ್ನ ಮುಖವನ್ನೇ ನೋಡುತ್ತ ನಿಂತ. ಆಮೇಲೆ ಒಳಗಿನಿಂದ ಕಟ್ಟು ಹಾಕಿದ ನನ್ನ ದೊಡ್ಡ ಫೋಟೋ ತಂದ.

"ಇದನ್ನ ಯಾರು ಮಾಡಿಸಿದ್ರು?"

"ಯಾರೂ ಇಲ್ಲ. ಹೆಂಗೂ ಮನಿಯವರು ಬರ್ತಾರಂತ ನಾನೇ ಮಾಡಿಟ್ಟೆ. ನೀನೇ ಬರ್ತಿ ಅಂತ ಅನ್ಕೊಂಡಿದ್ದಿಲ್ಲ."

ಆ ಫೋಟೋ ಈಗ ನಮ್ಮ ಅಟ್ಟದ ಮೇಲಿದೆ. ನಾನು ಜ್ವರ ಅಂತ ಎರಡು ದಿನ ಮಲಗಿದರೆ ಸಾಕು, ಸೊಸೆ ಅದನ್ನು ಇಳಿಸಿ ಗಾಜು ಒರೆಸಿಡುತ್ತಾಳೆ.